ಗಸಗಸೆ ಗಾತ್ರದ ಮೊಟ್ಟೆ ಕಲ್ಲಾಗುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಪಳೆಯುಳಿಕೆಗಳ ಬಗ್ಗೆ ಎಲ್ಲಿ ಮಾತಾಡಲು ಹೋದರೂ, ಡೈನೋಸಾರ್ ಕಥೆ ಮುಗಿದ ಮೇಲೆ ಒಬ್ಬರಾದರೂ ಈ ಮೊಟ್ಟೆಗಳ ವಿಷಯ ಎತ್ತುತ್ತಾರೆ. "ಎಲುಬೇ ಇಲ್ಲದ ಪ್ರಾಣಿ, ಅದರ ಮೊಟ್ಟೆ, ಅದು ಕಲ್ಲಾಯ್ತು ಅಂತೀರಲ್ಲ, ನಂಬೋದು ಹೇಗೆ?" ಕೇಳಬೇಕಾದ ಪ್ರಶ್ನೆಯೇ. ಮಾತಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತನ್ನು ಆದಷ್ಟೂ ಹಾಗೇ ಇಟ್ಟಿದ್ದೇನೆ.

## ಮೊದಲು ಗೊತ್ತಿರಬೇಕಾದ್ದು

ಮೊಟ್ಟೆ ಅಂದ್ರೆ ಗುಜರಾತಿನಲ್ಲಿ ಸಿಕ್ಕ ಡೈನೋಸಾರ್ ಮೊಟ್ಟೆ ತರಹದ್ದಾ?

ಅಲ್ಲ. ಬಾಲಾಸಿನೋರ್ ಹತ್ತಿರ ಸಿಕ್ಕ ಡೈನೋಸಾರ್ ಮೊಟ್ಟೆಗೆ ಕೋಳಿಮೊಟ್ಟೆಯ ಹಾಗೆ ಸುಣ್ಣದ ಚಿಪ್ಪು ಇತ್ತು. ಹುಟ್ಟುವಾಗಲೇ ಅರ್ಧ ಕಲ್ಲು. ಅದು ಮಣ್ಣಿನಲ್ಲಿ ಉಳಿದದ್ದು ದೊಡ್ಡ ಆಶ್ಚರ್ಯವೇನಲ್ಲ. ನಾವು ಇಲ್ಲಿ ಮಾತಾಡುತ್ತಿರುವುದು ಸಮುದ್ರದ ಬೆನ್ನೆಲುಬಿಲ್ಲದ ಜೀವಿಗಳ ಮೊಟ್ಟೆ: ಹುಳು, ಜೆಲ್ಲಿ ಮೀನಿನ ಬಳಗ, ಏಡಿ ಸಿಗಡಿಗಳ ದೂರದ ಹಿರಿಯರು. ಇವಕ್ಕೆ ಚಿಪ್ಪಿಲ್ಲ, ತೆಳ್ಳನೆಯ ಪೊರೆ ಇದೆ, ಅಷ್ಟೇ. ಹೆಚ್ಚಿನವು ಅರ್ಧ ಮಿಲಿಮೀಟರಿನಿಂದ ಒಂದು ಮಿಲಿಮೀಟರ್. ಅಡುಗೆಮನೆಯ ಗಸಗಸೆ ಡಬ್ಬಿ ತೆಗೆದು ಒಂದು ಕಾಳು ಬೆರಳ ತುದಿಗೆ ಅಂಟಿಸಿಕೊಳ್ಳಿ, ಗಾತ್ರ ಗೊತ್ತಾಗುತ್ತದೆ.

ಇನ್ನು ವಯಸ್ಸು. ಡೈನೋಸಾರ್‌ಗಳು ಅಳಿದು 6.6 ಕೋಟಿ ವರ್ಷ ಆಯಿತು. ಈ ಗಸಗಸೆಗಳಲ್ಲಿ ತೀರಾ ಹಳೆಯವಕ್ಕೆ ಸುಮಾರು 60 ಕೋಟಿ ವರ್ಷ.

ಒಂದು ದಿನದಲ್ಲಿ ಕೊಳೆಯೋ ವಸ್ತು ಅಷ್ಟು ವರ್ಷ ಹೇಗೆ ಉಳೀತು ಸ್ವಾಮಿ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ನನಗೂ ಇದೇ ಅನುಮಾನ ಇತ್ತು. ಒಮ್ಮೆ ಮಲ್ಪೆಯಿಂದ ತಂದ ಏಡಿಯೊಂದರ ಹೊಟ್ಟೆಯಡಿ ಕಿತ್ತಳೆ ಬಣ್ಣದ ಮೊಟ್ಟೆಗೊಂಚಲು ಇತ್ತು. ಒಂದು ಚಿಟಿಕೆ ತೆಗೆದು ಸಮುದ್ರದ ನೀರಿನ ಜೊತೆ ಸ್ಟೀಲ್ ಲೋಟದಲ್ಲಿ ಹಾಕಿ ಕಿಟಕಿ ಹತ್ತಿರ ಇಟ್ಟೆ. ಮಾರನೇ ಬೆಳಿಗ್ಗೆ ವಾಸನೆಗೇ ಎಚ್ಚರ ಆಯಿತು. ಭೂತಗನ್ನಡಿ ಹಿಡಿದು ನೋಡಿದರೆ ಹೊರಗಿನ ಪೊರೆ ಸುಮಾರಾಗಿ ಹಾಗೇ ಇತ್ತು, ಒಳಗೆ ಮಾತ್ರ ಎಲ್ಲ ಕಲಸುಮೇಲೋಗರ.

ಆ ಲೋಟದಲ್ಲಿ ಎರಡು ಕೆಲಸ ನಡೆದಿತ್ತು. ಒಂದು, ಸತ್ತ ಜೀವಕೋಶ ತನ್ನನ್ನು ತಾನೇ ಕರಗಿಸಿಕೊಳ್ಳುವುದು. ಕೋಶದ ಒಳಗೇ ಜೀರ್ಣ ಮಾಡುವ ಕಿಣ್ವಗಳಿರುತ್ತವೆ, ಸಾವಿನ ನಂತರ ಅವಕ್ಕೆ ತಡೆ ಇಲ್ಲ. ಎರಡು, ಹೊರಗಿನಿಂದ ಬಂದ ಬ್ಯಾಕ್ಟೀರಿಯಾ. ಮೊಟ್ಟೆ ಕಲ್ಲಾಗಬೇಕಾದರೆ ಮೊದಲನೆಯದು ನಿಲ್ಲಬೇಕು. ಎರಡನೆಯದು ನಿಲ್ಲಬಾರದು. ಇದು ತಲೆಕೆಳಗು ಅನ್ನಿಸಬಹುದು, ಆದರೆ ಕಥೆ ಇರುವುದೇ ಅಲ್ಲಿ.

ಆಮ್ಲಜನಕ ಇಲ್ಲದ ಕೆಸರಿನಲ್ಲಿ ಮೊಟ್ಟೆ ಹೂತುಹೋದರೆ ಕೋಶ ತನ್ನನ್ನು ಕರಗಿಸಿಕೊಳ್ಳುವ ಕೆಲಸ ನಿಂತುಬಿಡುತ್ತದೆ. ಆಗ ಕೆಲವು ಬಗೆಯ ಬ್ಯಾಕ್ಟೀರಿಯಾ ಮೊಟ್ಟೆಯ ಮೇಲೆ, ಆಮೇಲೆ ಒಳಗೆ ಬೆಳೆಯುತ್ತವೆ. ಕೋಶವನ್ನು ತಿನ್ನುತ್ತಾ ಅದರ ಜಾಗದಲ್ಲಿ ತಾವೇ ಒತ್ತೊತ್ತಾಗಿ ಕೂರುತ್ತವೆ. ಮನೆಯ ಹಳೇ ಇಟ್ಟಿಗೆ ಒಂದೊಂದೇ ಕಿತ್ತು ಅಲ್ಲೇ ಹೊಸ ಇಟ್ಟಿಗೆ ಇಟ್ಟ ಹಾಗೆ. ಗೋಡೆ ಅದೇ ಜಾಗದಲ್ಲಿ ನಿಂತಿದೆ, ಇಟ್ಟಿಗೆ ಮಾತ್ರ ಬೇರೆ. ಕೊಳೆಯುವಾಗ ಆಮ್ಲ ಹುಟ್ಟುತ್ತದೆ, ಫಾಸ್ಫೇಟ್ ಬಿಡುಗಡೆ ಆಗುತ್ತದೆ. ಸುತ್ತಲಿನ ನೀರು ಸ್ವಲ್ಪ ಹುಳಿಯಾದಾಗ ಸುಣ್ಣ ಕೂರುವುದು ಕಷ್ಟ, ಕ್ಯಾಲ್ಸಿಯಂ ಫಾಸ್ಫೇಟ್ ಕೂರುವುದು ಸುಲಭ. ಅದು ಬ್ಯಾಕ್ಟೀರಿಯಾಗಳ ಮೇಲೆ, ಅವುಗಳ ಸಂದಿಯಲ್ಲಿ, ತೀರಾ ಸಣ್ಣ ಹರಳುಗಳಾಗಿ ಕೂರುತ್ತದೆ. ಈ ಹರಳಿನ ಹೆಸರು ಅಪಟೈಟ್. ನಮ್ಮ ಹಲ್ಲು, ಮೂಳೆ ಆಗಿರುವುದೂ ಇದರ ಜಾತಿಯ ಖನಿಜದಿಂದಲೇ.

ಹಾಗಾಗಿ ಇವತ್ತು ಕೈಗೆ ಸಿಗುವುದು ಮೊಟ್ಟೆ ಅಲ್ಲ. ಮೊಟ್ಟೆಯನ್ನು ತಿಂದವರು ಬಿಟ್ಟುಹೋದ ಅದರ ಅಚ್ಚು.

ಎಲ್ಲಿ ಸಿಕ್ಕಿವೆ?

ಹೆಸರಾದ ಜಾಗ ದಕ್ಷಿಣ ಚೀನಾದ ಗುಯಿಝೌ ಪ್ರಾಂತ್ಯದ ವೆಂಗ್‌ಆನ್. ಅಲ್ಲಿನ ದೌಶಾನ್‌ಟುವೊ ಎಂಬ ಕಲ್ಲಿನ ಪದರದಲ್ಲಿ ಫಾಸ್ಫೇಟ್ ಎಷ್ಟಿದೆ ಅಂದರೆ ಗೊಬ್ಬರಕ್ಕಾಗಿ ಗಣಿ ತೋಡುತ್ತಾರೆ. ಹೊಲಕ್ಕೆ ಹಾಕುವ ಗೊಬ್ಬರದ ಕಲ್ಲಿನಲ್ಲೇ ಈ ಪುಟಾಣಿಗಳು. 1998ರಲ್ಲಿ ಶುಹೈ ಷಿಯಾವೊ, ಯುನ್ ಝಾಂಗ್, ಆಂಡ್ರ್ಯೂ ನೋಲ್ ಮೂವರೂ ಸೇರಿ ಇವು ಪ್ರಾಣಿಗಳ ಭ್ರೂಣ ಎಂದು 'ನೇಚರ್' ಪತ್ರಿಕೆಯಲ್ಲಿ ಬರೆದ ಮೇಲೆ ಜಗತ್ತೆಲ್ಲ ಆ ಕಡೆ ತಿರುಗಿತು.

ಅದಕ್ಕಿಂತ ಚಿಕ್ಕ ವಯಸ್ಸಿನವು, ಅಂದರೆ ಕೇಂಬ್ರಿಯನ್ ಯುಗದವು (ಸುಮಾರು 54ರಿಂದ 48.5 ಕೋಟಿ ವರ್ಷದ ಹಿಂದಿನವು), ಚೀನಾದ ಶಾನ್‌ಷಿ ಮತ್ತು ಹುನಾನ್, ಸೈಬೀರಿಯಾ, ಆಸ್ಟ್ರೇಲಿಯಾಗಳಲ್ಲಿ ಸಿಕ್ಕಿವೆ. ಇವುಗಳಲ್ಲಿ ಕೆಲವನ್ನು ಸ್ಟೆಫಾನ್ ಬೆಂಗ್ಟ್‌ಸನ್ ಮತ್ತು ಯುಯೆ ಝಾವ್ 1997ರಲ್ಲೇ ಪ್ರಕಟಿಸಿದ್ದರು. ವೆಂಗ್‌ಆನ್ ತರಹದ ಗೋಲಗಳು ಆಮೇಲೆ ಉತ್ತರ ಗ್ರೀನ್‌ಲ್ಯಾಂಡಿನಲ್ಲೂ ಸಿಕ್ಕವು.

ದುಂಡಗಿರೋದೆಲ್ಲ ಮೊಟ್ಟೆನಾ? ಮರಳಿನ ಕಾಳೂ ದುಂಡಗಿರುತ್ತಲ್ವಾ?

ಸರಿಯಾದ ಮಾತು. ಬರೀ ದುಂಡಗಿದ್ದರೆ ಯಾರೂ ನಂಬುತ್ತಿರಲಿಲ್ಲ. ವೆಂಗ್‌ಆನ್‌ನಲ್ಲಿ ಕಣ್ಣಿಗೆ ಬಿದ್ದದ್ದು ಒಂದು ಲೆಕ್ಕ. ಚಪಾತಿ ಹಿಟ್ಟಿನ ಒಂದು ಉಂಡೆ ತಗೊಳ್ಳಿ. ಎರಡು ಮಾಡಿ. ಎರಡನ್ನು ನಾಲ್ಕು, ನಾಲ್ಕನ್ನು ಎಂಟು, ಎಂಟನ್ನು ಹದಿನಾರು. ಹೊಸ ಹಿಟ್ಟು ಸೇರಿಸಬೇಡಿ. ಉಂಡೆಗಳ ಸಂಖ್ಯೆ ಹೆಚ್ಚುತ್ತಾ ಹೋಗುತ್ತದೆ, ಒಂದೊಂದರ ಗಾತ್ರ ಇಳಿಯುತ್ತದೆ, ಒಟ್ಟು ಹಿಟ್ಟು ಅಷ್ಟೇ. ಪ್ರಾಣಿಯ ಮೊಟ್ಟೆ ಫಲಿತಗೊಂಡ ಮೇಲೆ ಒಡೆಯುವುದು ಹೀಗೆಯೇ. ಮರಿ ಹೊರಗೆ ಬಂದು ತಿನ್ನುವ ತನಕ ಅದಕ್ಕೆ ಹೊಸ ಹಿಟ್ಟು ಎಲ್ಲಿಂದ ಬರಬೇಕು?

ವೆಂಗ್‌ಆನ್ ಕಲ್ಲಿನಲ್ಲಿ 1, 2, 4, 8, 16 ಹೀಗೆ ಸಾವಿರಾರು ಕೋಶಗಳ ತನಕ ಸಾಲು ಸಿಗುತ್ತದೆ, ಹೊರಗಿನ ಗಾತ್ರ ಮಾತ್ರ ಹೆಚ್ಚುಕಮ್ಮಿ ಒಂದೇ. ಜೊತೆಗೆ ಕೆಲವಕ್ಕೆ ಹೊರಗೆ ಕೆತ್ತಿದ ಹಾಗಿರುವ ಪೊರೆ. ಮರಳಿನ ಕಾಳು ಈ ಕೆಲಸ ಮಾಡುವುದಿಲ್ಲ. ಆದರೆ ಒಂದು ಎಚ್ಚರಿಕೆ: ಹೀಗೆ ಒಡೆಯುವುದು ಪ್ರಾಣಿಗಳು ಮಾತ್ರ ಅಲ್ಲ. ಆ ತಕರಾರಿಗೆ ಕೆಳಗೆ ಬರುತ್ತೇನೆ.

ಕಲ್ಲಿನ ಒಳಗಿಂದ ಅಷ್ಟು ಸಣ್ಣದನ್ನ ಹೊರಗೆ ತೆಗೆಯೋದು ಹೇಗೆ? ಸುತ್ತಿಗೆನಾ?

ವಿನೆಗರ್. ನಿಜವಾಗಿಯೂ. ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲವನ್ನೇ ಸ್ವಲ್ಪ ಜಾಸ್ತಿ ಪ್ರಮಾಣದಲ್ಲಿ, ಸುಮಾರು 10 ಶೇಕಡಾ, ಬಳಸುತ್ತಾರೆ. ಅದು ಸುತ್ತಲಿನ ಸುಣ್ಣದ ಕಲ್ಲನ್ನು ಕರಗಿಸುತ್ತದೆ, ಫಾಸ್ಫೇಟನ್ನು ಅಷ್ಟಾಗಿ ಮುಟ್ಟುವುದಿಲ್ಲ. ಬಕೆಟ್ಟಿನಲ್ಲಿ ಕಲ್ಲು ಹಾಕಿ ದಿನಗಟ್ಟಲೆ ಬಿಟ್ಟು, ತಳದಲ್ಲಿ ಉಳಿದ ಪುಡಿಯನ್ನು ಜರಡಿ ಹಿಡಿದು, ತೊಳೆದು ಒಣಗಿಸುತ್ತಾರೆ. ಆಮೇಲೆ ಸೂಕ್ಷ್ಮದರ್ಶಕದ ಕೆಳಗೆ ಒದ್ದೆ ಮಾಡಿದ ಸಣ್ಣ ಬ್ರಷ್ಷಿನ ತುದಿಯಿಂದ ಒಂದೊಂದೇ ಎತ್ತಿಡಬೇಕು. ಅಕ್ಕಿಯಲ್ಲಿ ಕಲ್ಲು ಆರಿಸಿದವರಿಗೆ ಈ ಕೆಲಸ ಏನೆಂದು ಹೇಳಬೇಕಾಗಿಲ್ಲ. ಇಲ್ಲಿ ಕಲ್ಲೇ ಬೇಕಾದದ್ದು, ಅಷ್ಟೇ ವ್ಯತ್ಯಾಸ.

ಒಳಗೆ ಏನಿದೆ ಎಂದು ನೋಡಲು ಮೊದಲು ಕಲ್ಲನ್ನು ಕಾಗದದಷ್ಟು ತೆಳ್ಳಗೆ ಸವೆಸಿ ಬೆಳಕಿಗೆ ಹಿಡಿಯುತ್ತಿದ್ದರು. ಹಾಗೆ ಮಾಡಿದರೆ ಒಂದು ಸೀಳು ಕಾಣುತ್ತದೆ, ಉಳಿದದ್ದು ಪುಡಿ. 2006ರ ಸುಮಾರಿಗೆ ಫಿಲಿಪ್ ಡಾನಹ್ಯೂ ಮತ್ತು ಜೊತೆಗಾರರು ಸ್ವಿಟ್ಜರ್‌ಲ್ಯಾಂಡಿನ ಸಿಂಕ್ರೋಟ್ರಾನ್ ಯಂತ್ರದ ಎಕ್ಸ್-ರೇ ಬಳಸಿ, ಒಡೆಯದೆಯೇ ಒಳಗನ್ನು ನೋಡಿದರು. ಆಸ್ಪತ್ರೆಯ ಸಿಟಿ ಸ್ಕ್ಯಾನ್ ಇದ್ದ ಹಾಗೆ. ಆದರೆ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತ ಸಣ್ಣದೂ ಕಾಣುತ್ತದೆ. ಈ ಕ್ಷೇತ್ರದ ಜಗಳಗಳೆಲ್ಲ ಬಿಸಿಯೇರಿದ್ದು ಈ ಯಂತ್ರ ಬಂದ ಮೇಲೆ.

ಡಿಎನ್‌ಎ ತೆಗೆದು ಆ ಪ್ರಾಣಿನ ಮತ್ತೆ ಹುಟ್ಟಿಸಬಹುದಾ?

ಇಲ್ಲ. ಇದುವರೆಗೆ ಓದಲು ಆಗಿರುವ ಅತಿ ಹಳೆಯ ಡಿಎನ್‌ಎ ಗ್ರೀನ್‌ಲ್ಯಾಂಡಿನ ಮಣ್ಣಿನದು, ಅದಕ್ಕೆ ಸುಮಾರು 20 ಲಕ್ಷ ವರ್ಷ. ನಮ್ಮ ಮೊಟ್ಟೆ ಅದಕ್ಕಿಂತ 300 ಪಟ್ಟು ಹಳೆಯದು, ಮೇಲಾಗಿ ಪೂರ್ತಿ ಖನಿಜ.

## ಸ್ವಲ್ಪ ಒಳಗೆ ಹೋದರೆ

ಇದನ್ನ ಲ್ಯಾಬಲ್ಲಿ ಯಾರಾದ್ರೂ ಮಾಡಿ ನೋಡಿದ್ದಾರಾ, ಅಥವಾ ಸುಮ್ನೆ ಊಹೆನಾ?

ಮಾಡಿ ನೋಡಿದ್ದಾರೆ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಎಲಿಜಬೆತ್ ರಾಫ್, ರುಡಾಲ್ಫ್ ರಾಫ್ ಮತ್ತು ಜೊತೆಗಾರರು ಸೀ ಅರ್ಚಿನ್ ಭ್ರೂಣಗಳನ್ನು ತೆಗೆದುಕೊಂಡರು. ಮೈತುಂಬ ಮುಳ್ಳಿರುವ ಚೆಂಡಿನಂಥ ಸಮುದ್ರಜೀವಿ ಅದು. ಸತ್ತ ಭ್ರೂಣಗಳನ್ನು ಮಾಮೂಲಿ ಸಮುದ್ರದ ನೀರಿನಲ್ಲಿ ಬಿಟ್ಟರೆ ಗಂಟೆಗಳ ಲೆಕ್ಕದಲ್ಲಿ ಹಾಳಾದವು. ಆಮ್ಲಜನಕದ ಆಟ ನಡೆಯದ ಹಾಗೆ ನೀರಿನ ರಸಾಯನವನ್ನು ಬದಲಿಸಿದರೆ ಕೋಶಗಳ ಗೆರೆ ಗೆರೆಯೂ ಉಳಿದುಕೊಂಡಿತು. ಇದು 2006ರ ಫಲಿತಾಂಶ.

2008ರಲ್ಲಿ ಅವರು ಬ್ಯಾಕ್ಟೀರಿಯಾದ ಪಾತ್ರ ನೋಡಿದರು. ಎಲ್ಲ ಬ್ಯಾಕ್ಟೀರಿಯಾನೂ ಒಂದೇ ಅಲ್ಲ. ಕೆಲವು ಭ್ರೂಣವನ್ನು ಚಿಂದಿ ಮಾಡಿದವು. ಕೆಲವು ಮೇಲೆ ಮಾತ್ರ ಲೋಳೆ ಹೊದಿಕೆ ಹೊದಿಸಿದವು. ಇನ್ನು ಕೆಲವು ಒಳಗೆ ಹೋಗಿ ಕೋಶದ ಆಕಾರಕ್ಕೆ ಆಕಾರ ತಾವೇ ತುಂಬಿಕೊಂಡವು. ಯಾವುದು ಮೊದಲು ಬಂತು, ಜೊತೆಗೆ ಯಾವುದಿತ್ತು ಎನ್ನುವುದರ ಮೇಲೆ ಭ್ರೂಣದ ಹಣೆಬರಹ. ಮೊಸರಿಗೆ ಹೆಪ್ಪು ಹಾಕುವವರಿಗೆ ಇದು ಗೊತ್ತು: ಅದೇ ಹಾಲು, ಅದೇ ಪಾತ್ರೆ, ಆದರೆ ಒಂದು ದಿನ ಗಟ್ಟಿ ಮೊಸರು, ಇನ್ನೊಂದು ದಿನ ನೂಲು ನೂಲು.

ಖನಿಜ ಕೂರುವ ಭಾಗವನ್ನು ಡೆರೆಕ್ ಬ್ರಿಗ್ಸ್ ಮತ್ತು ಅಮಾಂಡಾ ಕಿಯರ್ ಅದಕ್ಕೂ ಮೊದಲೇ ಸಿಗಡಿಯ ಮೇಲೆ ಪ್ರಯೋಗ ಮಾಡಿ ತೋರಿಸಿದ್ದರು. ಮುಚ್ಚಿದ ಪಾತ್ರೆಯಲ್ಲಿ ಕೊಳೆಯಲು ಬಿಟ್ಟ ಸಿಗಡಿಯ ಮಾಂಸದ ಮೇಲೆ ಕೆಲವೇ ವಾರಗಳಲ್ಲಿ ಕ್ಯಾಲ್ಸಿಯಂ ಫಾಸ್ಫೇಟ್ ಕೂರಲು ಶುರುವಾಯಿತು. ಅಂದರೆ ಕಲ್ಲಾಗಲು ಕೋಟಿ ವರ್ಷ ಬೇಕಿಲ್ಲ. ಕಲ್ಲಾಗುವುದು ವಾರಗಳ ಕೆಲಸ, ಆಗಲಿಲ್ಲ ಎಂದರೆ ಇನ್ನು ಯಾವತ್ತೂ ಇಲ್ಲ. ಕೋಟಿ ವರ್ಷ ಎಂಬುದು ಆಮೇಲೆ ಅದು ಸುಮ್ಮನೆ ಬಿದ್ದಿದ್ದ ಕಾಲ.

ಅಷ್ಟೊಂದು ಫಾಸ್ಫೇಟ್ ಸಮುದ್ರದಲ್ಲಿ ಎಲ್ಲಿಂದ ಬಂತು?

ಸಮುದ್ರದ ನೀರಿನಲ್ಲಿ ಫಾಸ್ಫೇಟ್ ತೀರಾ ಕಮ್ಮಿ. ಒಂದು ಮೊಟ್ಟೆಯಲ್ಲಿರುವುದು ಆ ಮೊಟ್ಟೆಯನ್ನೇ ಕಲ್ಲು ಮಾಡಲು ಸಾಲದು. ಹೊರಗಿನಿಂದ ಬರಬೇಕು. ಆಳದ ತಣ್ಣನೆಯ ನೀರು ಮೇಲಕ್ಕೆ ಉಕ್ಕುವ ಕಡೆ ಪೋಷಕಾಂಶ ಜಾಸ್ತಿ, ಸಣ್ಣ ಸಣ್ಣ ಜೀವಿಗಳು ಮುಗಿಬಿದ್ದು ಬೆಳೆಯುತ್ತವೆ. ಮಳೆಗಾಲದಲ್ಲಿ ನಮ್ಮ ಪಡುವಣ ಕರಾವಳಿಯಲ್ಲೂ ಇದು ಆಗುತ್ತದೆ. ಈ ಜೀವಿಗಳು ಸತ್ತು ತಳ ಸೇರಿದಾಗ ಅವುಗಳ ಮೈಯ ಫಾಸ್ಫರಸ್ ಕೆಸರಿಗೆ ಬರುತ್ತದೆ. ಕಬ್ಬಿಣದ ತುಕ್ಕಿನ ಕಣಗಳೂ ಫಾಸ್ಫೇಟನ್ನು ಅಂಟಿಸಿಕೊಂಡು ಕೆಳಗೆ ಬರುತ್ತವೆ. ಆಮ್ಲಜನಕ ಇಲ್ಲದ ಕೆಸರಿನಲ್ಲಿ ತುಕ್ಕು ಕರಗಿ ಅದನ್ನು ಬಿಟ್ಟುಕೊಡುತ್ತದೆ.

ಇನ್ನೊಂದು ಸ್ವಾರಸ್ಯದ ದಾರಿ ಇದೆ. ನಮೀಬಿಯಾ ಕರಾವಳಿಯ ಕೆಸರಿನಲ್ಲಿ ಥಿಯೋಮಾರ್ಗರಿಟಾ ಎಂಬ ದೈತ್ಯ ಬ್ಯಾಕ್ಟೀರಿಯಾ ಇದೆ. ಬರಿಗಣ್ಣಿಗೇ ಮುತ್ತಿನ ಸರದ ಹಾಗೆ ಕಾಣುತ್ತದೆ. ಅದು ಮೈಯೊಳಗೆ ಫಾಸ್ಫೇಟ್ ಕೂಡಿಟ್ಟು, ಆಮ್ಲಜನಕ ಇಲ್ಲದಾಗ ಒಮ್ಮೆಗೇ ಹೊರಗೆ ಬಿಡುತ್ತದೆ. ಅದರ ಸುತ್ತ ಫಾಸ್ಫೇಟ್ ಹರಳು ಕಟ್ಟುವುದನ್ನು ನೋಡಿದ್ದಾರೆ. ಈ ಹೆಸರು ನೆನಪಿರಲಿ.

ಮೊಟ್ಟೆ ಸಿಗುತ್ತೆ, ಮರಿ ಯಾಕೆ ಸಿಗಲ್ಲ?

ಯಾಕೆಂದರೆ ಇದು ನ್ಯಾಯವಾದ ಸಂಗ್ರಹ ಅಲ್ಲ. ಯಾವುದಕ್ಕೆ ಗಟ್ಟಿ ಹೊದಿಕೆ ಇದೆಯೋ ಅದು ಉಳಿಯುತ್ತದೆ. ಒಡೆಯುತ್ತಿರುವ ಮೊಟ್ಟೆಗೆ ಪೊರೆ ಇದೆ. ಹೊರಬರಲು ತಯಾರಾದ ಮರಿಗೆ ಚರ್ಮದ ಮೇಲೆ ಗಡಸು ಪದರ ಇರಬಹುದು. ಇವೆರಡರ ನಡುವಿನ ಹಂತಗಳು, ನೀರಿನಲ್ಲಿ ತೇಲುವ ತೆಳ್ಳನೆಯ ಲಾರ್ವಾಗಳು, ಇವೆಲ್ಲ ಹೋದ ಹಾಗೆಯೇ. ಹತ್ತನೇ ಕ್ಲಾಸಿನ ಫೋಟೋ ಇದೆ, ಒಂದನೇ ಕ್ಲಾಸಿನದಿದೆ, ನಡುವಿನ ಆಲ್ಬಮ್ ಗೆದ್ದಲು ತಿಂದಿದೆ ಅನ್ನಿ.

ಗಾತ್ರದಲ್ಲೂ ಪಕ್ಷಪಾತ ಇದೆ. ಸಿಕ್ಕಿರುವುದು ಹೆಚ್ಚಾಗಿ ಭಂಡಾರ ತುಂಬಿದ ದೊಡ್ಡ ಮೊಟ್ಟೆಗಳು. "ಆ ಕಾಲದ ಪ್ರಾಣಿಗಳೆಲ್ಲ ದೊಡ್ಡ ಮೊಟ್ಟೆ ಇಡುತ್ತಿದ್ದವು" ಎಂದು ಇದರಿಂದ ತೀರ್ಮಾನ ಮಾಡಿದರೆ ತಪ್ಪಾಗುತ್ತದೆ.

ಹಾಗಂತ ಮರಿಗಳು ಇಲ್ಲವೇ ಇಲ್ಲ ಎಂದಲ್ಲ. ಮಾರ್ಕುಯೆಲಿಯಾ ಎಂಬ ಕೇಂಬ್ರಿಯನ್ ಹುಳುವನ್ನು ನೋಡಬೇಕು. ಅರ್ಧ ಮಿಲಿಮೀಟರಿಗೂ ಕಮ್ಮಿ ಜಾಗದಲ್ಲಿ ಚಕ್ಕುಲಿ ಸುತ್ತಿದ ಹಾಗೆ ಮಡಚಿಕೊಂಡು ಮಲಗಿದೆ. ಮೈಮೇಲೆ ಉಂಗುರ ಉಂಗುರ, ಬಾಲದ ತುದಿಯಲ್ಲಿ ಮುಳ್ಳು. ಇನ್ನೇನು ಹೊರಗೆ ಬರಬೇಕು ಅನ್ನುವಷ್ಟರಲ್ಲಿ ಸತ್ತಿದೆ. ಈಗಿನ ಸಮುದ್ರದ ಕೆಸರಿನಲ್ಲಿರುವ ಪ್ರಯಾಪುಲಿಡ್ ಹುಳುಗಳ ಬಂಧು ಅದು. ಇನ್ನೊಂದು ಒಲಿವೂಯ್ಡಿಸ್, ಶಾನ್‌ಷಿಯ ಸುಮಾರು 53.5 ಕೋಟಿ ವರ್ಷದ ಕಲ್ಲಿನಿಂದ. ಪೊರೆಯೊಳಗಿರುವಾಗಲೇ ಅದರ ಮೈಮೇಲೆ ಪುಟ್ಟ ನಕ್ಷತ್ರದ ಗುರುತುಗಳು ಕಾಣುತ್ತವೆ. ಹೊರಬಂದು ಬೆಳೆದು ಉಂಗುರದ ಕೊಳವೆಯಾದ ಮೇಲೂ ತುದಿಯಲ್ಲಿ ಅದೇ ನಕ್ಷತ್ರಗಳು. ಹಾಗಾಗಿ "ಈ ಮೊಟ್ಟೆ ಈ ಪ್ರಾಣಿಯದ್ದೇ" ಎಂದು ಧೈರ್ಯವಾಗಿ ಹೇಳಬಹುದು. ಅದನ್ನು ಜೆಲ್ಲಿ ಮೀನಿನ ಬಳಗಕ್ಕೆ ಸೇರಿಸುತ್ತಾರೆ. ನನಗೆ ಕೇಳಿದರೆ ಇಡೀ ಕ್ಷೇತ್ರದಲ್ಲಿ ಅತ್ಯಂತ ಗಟ್ಟಿ ಸಾಕ್ಷಿ ಇದೇ. ಪ್ರಚಾರ ಮಾತ್ರ ವೆಂಗ್‌ಆನ್‌ನ ಗೋಲಗಳಿಗೆ.

ತಾಯಿ ಮತ್ತು ಮೊಟ್ಟೆ ಒಟ್ಟಿಗೆ ಸಿಕ್ಕಿದ್ದು ಇದೆಯಾ?

ಇದೆ, ಮತ್ತು ಅಲ್ಲಿ ಕಲ್ಲಾಗುವ ದಾರಿಯೂ ಬೇರೆ. ಕೆನಡಾದ ಬರ್ಜೆಸ್ ಶೇಲ್ ಎಂಬ ಕಲ್ಲಿನ ಪದರದಲ್ಲಿ ವಾಪ್ಟಿಯಾ ಎಂಬ ಸಿಗಡಿಯಂಥ ಪ್ರಾಣಿ ಸಿಗುತ್ತದೆ, ಸುಮಾರು 50.8 ಕೋಟಿ ವರ್ಷದ್ದು. ಕೆಲವು ವಾಪ್ಟಿಯಾಗಳ ಬೆನ್ನಿನ ಚಿಪ್ಪಿನ ಕೆಳಗೆ ಎರಡೂ ಬದಿ ಮೊಟ್ಟೆಗಳಿವೆ. ಒಂದು ತಾಯಿಗೆ ಹೆಚ್ಚೆಂದರೆ 24, ಒಂದೊಂದೂ ಸುಮಾರು 2 ಮಿಲಿಮೀಟರ್, ಅಂದರೆ ಸಾಸಿವೆ ಕಾಳು. ಚೀನಾದ ಚೆಂಗ್‌ಜಿಯಾಂಗ್‌ನಲ್ಲಿ ಸಿಕ್ಕ ಕುನ್‌ಮಿಂಗೆಲ್ಲಾ ಎಂಬ ಪುಟ್ಟ ಪ್ರಾಣಿ ಇದಕ್ಕಿಂತ ಹಳೆಯದು, ಅದರದ್ದು ತೀರಾ ಸಣ್ಣ ಮೊಟ್ಟೆಗಳು, ಸಂಖ್ಯೆ ಜಾಸ್ತಿ. ಕಮ್ಮಿ ಮಕ್ಕಳಿಗೆ ಜಾಸ್ತಿ ಆರೈಕೆಯೋ, ಜಾಸ್ತಿ ಮಕ್ಕಳಿಗೆ ಕಮ್ಮಿ ಆರೈಕೆಯೋ ಎನ್ನುವ ಲೆಕ್ಕಾಚಾರ ಆಗಲೇ ಶುರುವಾಗಿತ್ತು. ಇವು ಫಾಸ್ಫೇಟ್ ಗೋಲಗಳಲ್ಲ. ಕೆಸರು ಮೇಲೆ ಬಿದ್ದು ಚಪ್ಪಟೆಯಾಗಿ, ಪುಸ್ತಕದಲ್ಲಿಟ್ಟ ಹೂವಿನ ಹಾಗೆ ಉಳಿದವು.

ನ್ಯೂಯಾರ್ಕ್ ರಾಜ್ಯದ ಸುಮಾರು 45 ಕೋಟಿ ವರ್ಷದ ಕಲ್ಲಿನಲ್ಲಿ ಟ್ರೈಆರ್ಥ್ರಸ್ ಎಂಬ ಟ್ರೈಲೋಬೈಟ್ ಸಿಗುತ್ತದೆ, ಏಡಿ ಸಿಗಡಿಗಳ ದೂರದ ನೆಂಟ, ಈಗ ಅಳಿದುಹೋದ ಸಮುದ್ರಜೀವಿ. 2017ರಲ್ಲಿ ಅದರ ತಲೆಯ ಹತ್ತಿರ ಸುಮಾರು 0.2 ಮಿಲಿಮೀಟರಿನ ಮೊಟ್ಟೆಗಳನ್ನು ಗುರುತಿಸಿದರು. ಅವು ಪೈರೈಟ್ ಆಗಿವೆ, ಚಿನ್ನದ ಹಾಗೆ ಹೊಳೆಯುವ ಕಬ್ಬಿಣದ ಸಲ್ಫೈಡ್. ಅಲ್ಲೂ ಕೆಲಸ ಮಾಡಿದ್ದು ಬ್ಯಾಕ್ಟೀರಿಯಾನೇ: ಅವು ಗಂಧಕದ ಅನಿಲ ಬಿಟ್ಟವು, ಕೆಸರಿನ ಕಬ್ಬಿಣ ಅದನ್ನು ಹಿಡಿದುಕೊಂಡಿತು. ಇಂಗ್ಲೆಂಡಿನ ಹೆರೆಫರ್ಡ್‌ಷೈರ್‌ನಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ, 42.5 ಕೋಟಿ ವರ್ಷ ಹಳೆಯ ಆಸ್ಟ್ರಕೋಡ್ (ಎರಡು ಚಿಪ್ಪಿನ ನಡುವೆ ಬದುಕುವ, ಸಿಗಡಿ ಬಳಗದ ಪುಟ್ಟ ಜೀವಿ) ಒಂದು ಚಿಪ್ಪಿನೊಳಗೆ ಮೊಟ್ಟೆಗಳ ಸಮೇತ ಸಿಕ್ಕಿದೆ. ಹೆಸರೇ ನಿಂಫಟೆಲಿನಾ ಗ್ರಾವಿಡಾ, ಅಂದರೆ 'ಗರ್ಭಿಣಿ'.

ಈಗಿನ ಸಮುದ್ರದಲ್ಲಿ ಇದು ಯಾಕೆ ಅಷ್ಟಾಗಿ ನಡೆಯಲ್ಲ?

ಫಾಸ್ಫೇಟಾದ ಭ್ರೂಣಗಳ ದೊಡ್ಡ ರಾಶಿ ಸಿಗುವುದು ಸುಮಾರು 60 ಕೋಟಿಯಿಂದ 50 ಕೋಟಿ ವರ್ಷದ ಹಿಂದಿನ ಕಲ್ಲುಗಳಲ್ಲಿ. ಆಮೇಲೆ ಬಾಗಿಲು ಹಾಕಿದ ಹಾಗೆ ಕಮ್ಮಿಯಾಗುತ್ತದೆ. ಒಂದು ಕಾರಣ ಪ್ರಾಣಿಗಳೇ. ಬಿಲ ತೋಡುವ ಹುಳುಗಳು, ಮಣ್ಣು ನುಂಗಿ ಉಗುಳುವ ಜೀವಿಗಳು ಹೆಚ್ಚಿದ ಹಾಗೆ ಸಮುದ್ರದ ತಳ ಉತ್ತ ಗದ್ದೆಯಂತಾಯಿತು. ಉತ್ತರೆ ಗಾಳಿ ಆಡುತ್ತದೆ, ಅಂದರೆ ಆಮ್ಲಜನಕ ಒಳಗೆ ಹೋಗುತ್ತದೆ. ಮೊಟ್ಟೆಗೆ ಬೇಕಾಗಿದ್ದ ಅಲುಗಾಡದ, ಉಸಿರುಗಟ್ಟಿದ ಕೆಸರು ಅಪರೂಪವಾಯಿತು.

## ತಕರಾರುಗಳು

ಅವು ಪ್ರಾಣಿಗಳ ಮೊಟ್ಟೆನೇ ಅಲ್ಲ ಅಂತ ಓದಿದ್ದೆ. ಯಾವುದನ್ನ ನಂಬೋದು?

ಈ ತಕರಾರು ವೆಂಗ್‌ಆನ್‌ನದ್ದು. ಮಾರ್ಕುಯೆಲಿಯಾ, ಒಲಿವೂಯ್ಡಿಸ್, ವಾಪ್ಟಿಯಾ ಪ್ರಾಣಿಗಳು ಎನ್ನುವುದರಲ್ಲಿ ಜಗಳವಿಲ್ಲ.

ವೆಂಗ್‌ಆನ್ ಗೋಲಗಳನ್ನು 1998ಕ್ಕೆ ಮೊದಲು ಪಾಚಿ ಎಂದುಕೊಂಡಿದ್ದರು. ಕೆರೆಯಲ್ಲಿ ಉರುಳುವ ವೋಲ್ವಾಕ್ಸ್ ತರಹದ್ದು. ಆಮೇಲೆ ಭ್ರೂಣ ಎಂದಾಯಿತು. 2007ರಲ್ಲಿ ಇನ್ನೊಂದು ಗುಂಪು ಬಂದು "ಇದು ಥಿಯೋಮಾರ್ಗರಿಟಾದಂಥ ದೈತ್ಯ ಬ್ಯಾಕ್ಟೀರಿಯಾ ಇರಬಹುದು" ಎಂದಿತು. ಅದೂ ದುಂಡಗೆ, ಅಷ್ಟೇ ದೊಡ್ಡದು, ಎರಡಾಗಿ ನಾಲ್ಕಾಗಿ ಒಡೆಯುತ್ತದೆ. ಮೇಲಾಗಿ ಫಾಸ್ಫೇಟ್ ಇರುವ ಕಡೆಯೇ ಇರುತ್ತದೆ. ಕೇಳಲು ಚೆನ್ನಾಗಿತ್ತು. ಆದರೆ ಥಿಯೋಮಾರ್ಗರಿಟಾವನ್ನೇ ಕೊಳೆಯಲು ಬಿಟ್ಟು ನೋಡಿದಾಗ ಅದು ಸುಕ್ಕುಗಟ್ಟಿ ಕುಸಿಯಿತು, ಪಳೆಯುಳಿಕೆಯ ಹಾಗೆ ಆಗಲಿಲ್ಲ. ಅದಕ್ಕೆ ಕೆತ್ತನೆಯ ಪೊರೆಯೂ ಇಲ್ಲ. ಆ ವಾದ ಈಗ ಹೆಚ್ಚುಕಮ್ಮಿ ಬಿದ್ದುಹೋಗಿದೆ.

2011ರ ಪೆಟ್ಟು ಜೋರಾಗಿತ್ತು. ಥೆರೇಸ್ ಹುಲ್ಟ್‌ಗ್ರೆನ್, ಬೆಂಗ್ಟ್‌ಸನ್, ಡಾನಹ್ಯೂ ಮೊದಲಾದವರು ಸಿಂಕ್ರೋಟ್ರಾನ್‌ನಲ್ಲಿ ನೋಡಿ, ಕಡಲೆಕಾಯಿ ಆಕಾರದ ಗೋಲಗಳ ಒಳಗೆ ಸಾವಿರಾರು ಸಣ್ಣ ಕೋಶಗಳು ತುಂಬಿರುವುದನ್ನು ತೋರಿಸಿದರು. ಭ್ರೂಣ ಒಡೆದು ಒಡೆದು ಕೊನೆಗೆ ಅಂಗಾಂಶ ಕಟ್ಟಬೇಕು. ಇವು ಕಟ್ಟುವ ಬದಲು ಬೀಜಕಗಳನ್ನು ಹೊರಗೆ ಚೆಲ್ಲುತ್ತಿದ್ದ ಹಾಗಿದೆ. ಹಾಗಾಗಿ ಪ್ರಾಣಿ ಅಲ್ಲ, ಪ್ರಾಣಿ ಬಳಗಕ್ಕೆ ಸೇರದ ಸೂಕ್ಷ್ಮಜೀವಿ ಎಂದರು. 2014ರಲ್ಲಿ ಷಿಯಾವೊ ಗುಂಪು ಮರುಉತ್ತರ ಕೊಟ್ಟಿತು: ಸಾವಿರ ಕೋಶದ ಹಂತದಲ್ಲಿ ಬೇರೆ ಬೇರೆ ಕೆಲಸದ ಕೋಶಗಳು ಬೇರೆಯಾಗಿ ಗುಂಪು ಕಟ್ಟುವುದು ಕಾಣುತ್ತದೆ, ಇದು ಬಹುಕೋಶ ಜೀವಿಯ ಲಕ್ಷಣ. 2019ರಲ್ಲಿ ಝಾಂಗ್‌ಜುನ್ ಯಿನ್ ಮತ್ತು ಜೊತೆಗಾರರು ಅದೇ ಊರಿನ ಕೇವಿಯಾಸ್ಫೇರಾ ಎಂಬುದನ್ನು ವಿವರಿಸಿದರು. ಸುಮಾರು 60.9 ಕೋಟಿ ವರ್ಷ. ಅದರಲ್ಲಿ ಕೋಶಗಳು ಜಾಗ ಬದಲಿಸಿ ಒಂದು ಕಡೆ ಸೇರಿಕೊಳ್ಳುತ್ತವೆ, ಪ್ರಾಣಿ ಭ್ರೂಣದಲ್ಲಿ ಪದರ ಕಟ್ಟುವಾಗ ಆಗುವ ಹಾಗೆ.

ನನ್ನ ಅಭಿಪ್ರಾಯ ಕೇಳುವುದಾದರೆ, ವೆಂಗ್‌ಆನ್‌ನಲ್ಲಿ ಒಂದೇ ಬಗೆಯ ಜೀವಿ ಇತ್ತು ಎಂದುಕೊಂಡದ್ದೇ ಗೊಂದಲಕ್ಕೆ ಅರ್ಧ ಕಾರಣ. ಹೆಚ್ಚಿನವು ಪ್ರಾಣಿಗಳ ಹತ್ತಿರದ ನೆಂಟರು, ಮನೆಯೊಳಗಿನವರಲ್ಲ. ಕೇವಿಯಾಸ್ಫೇರಾ ಹೊಸ್ತಿಲ ಮೇಲೆ ನಿಂತಿದೆ.

ಕೋಶದ ಒಳಗೆ ನ್ಯೂಕ್ಲಿಯಸ್ ಕಾಣುತ್ತೆ ಅಂತಾರೆ. ಅದು ನಿಜವಾದ ನ್ಯೂಕ್ಲಿಯಸ್ಸಾ, ಕಲ್ಲಿನ ಚುಕ್ಕೆನಾ?

ಇದನ್ನು ಕೇಳಿದವರು ಒಬ್ಬ ಪಿಯುಸಿ ಹುಡುಗಿ. ಬಹಳ ವಿಜ್ಞಾನಿಗಳು ತಡವಾಗಿ ಕೇಳಿಕೊಂಡ ಪ್ರಶ್ನೆ.

ಖನಿಜ ಎರಡು ಸಲ ಕೂರುತ್ತದೆ. ಮೊದಲ ಸಲ ಜೈವಿಕ ವಸ್ತುವಿನ ಮೇಲೆ, ತೀರಾ ಸಣ್ಣ ಹರಳುಗಳಾಗಿ, ದಿಕ್ಕುದೆಸೆಯಿಲ್ಲದೆ. ಉಳಿದ ಖಾಲಿ ಜಾಗದಲ್ಲಿ ಆಮೇಲೆ ನಿಧಾನವಾಗಿ ಇನ್ನೊಂದು ಸಲ. ಈ ಸಲ ದೊಡ್ಡ ಹರಳು, ಗೋಡೆಯಿಂದ ಒಳಮುಖವಾಗಿ ಪದರ ಪದರವಾಗಿ. ಹಂಡೆಯ ಒಳಗೆ ಸುಣ್ಣದ ಹಕ್ಕಳೆ ಕಟ್ಟುತ್ತದಲ್ಲ, ಹಾಗೆ. ಹಕ್ಕಳೆಯ ಪದರವನ್ನು ನೋಡಿ "ಇದು ಅಂಗಾಂಶ" ಎಂದರೆ ಮೋಸಹೋದಂತೆ.

ಅಂಥ ಮೋಸ ನಡೆದಿದೆ. 2004ರಲ್ಲಿ ವರ್ನಾನಿಮಾಲ್ಕ್ಯುಲಾ ಎಂಬ ಹೆಸರಿಟ್ಟು, ಬಾಯಿ, ಕರುಳು, ಎಡ-ಬಲ ಎಲ್ಲ ಇರುವ ಅತಿ ಹಳೆಯ ಪ್ರಾಣಿ ಎಂದು ಸಾರಿದರು. ಅದರ ಕರುಳು, ಮೈಯ ಪೊಳ್ಳು ಎಲ್ಲ ಎರಡನೇ ಸಲದ ಹಕ್ಕಳೆ ಎಂದು ಬೆಂಗ್ಟ್‌ಸನ್ ಮತ್ತು ಇತರರು ಅದೇ ವರ್ಷ ತಕರಾರು ತೆಗೆದರು, 2012ರಲ್ಲಿ ವಿವರವಾಗಿ ತೋರಿಸಿದರು. ವೆಂಗ್‌ಆನ್‌ನ ನ್ಯೂಕ್ಲಿಯಸ್‌ಗಳ ಕಥೆ ಬೇರೆ. ಒಂದು ಕೋಶಕ್ಕೆ ಒಂದೇ, ಕೋಶ ಸಣ್ಣದಾದ ಹಾಗೆ ಅದೂ ಸಣ್ಣದಾಗುತ್ತದೆ. ಕಲ್ಲಿನ ಚುಕ್ಕೆಗೆ ಈ ಶಿಸ್ತು ಇರುವುದಿಲ್ಲ.

ಭಾರತದಲ್ಲೂ ಸಿಕ್ಕಿದೆ ಅಂತ ಸುದ್ದಿ ಇತ್ತಲ್ಲ, ಚಿತ್ರಕೂಟದಲ್ಲಿ?

ಹೌದು, ಮತ್ತು ಅದರ ಕೊನೆ ಸಿನಿಮಾಕ್ಕಿಂತ ಚೆನ್ನಾಗಿದೆ. ಚಿತ್ರಕೂಟ ಇರುವ ವಿಂಧ್ಯದ ಕಲ್ಲುಗಳು ತೀರಾ ಹಳೆಯವು ಎಂದು ಭೂವಿಜ್ಞಾನಿಗಳ ಲೆಕ್ಕ. ಅಲ್ಲಿ ಕೇಂಬ್ರಿಯನ್ ಕಾಲದ ಪಳೆಯುಳಿಕೆ, ಭ್ರೂಣದಂಥ ಗೋಲಗಳೂ ಸಿಕ್ಕಿವೆ ಎಂದು ಪಳೆಯುಳಿಕೆ ವಿಜ್ಞಾನಿ ಆರ್. ಜೆ. ಆಜ್ಮಿ ಹೇಳಿದಾಗ ದೊಡ್ಡ ಗಲಾಟೆ ಆಯಿತು. ಕಲ್ಲಿನ ವಯಸ್ಸು ತಪ್ಪೋ, ಪಳೆಯುಳಿಕೆಯೇ ಸುಳ್ಳೋ?

ಬೆಂಗ್ಟ್‌ಸನ್ ಮತ್ತು ಜೊತೆಗಾರರು ಚಿತ್ರಕೂಟದಿಂದ ಹೊಸದಾಗಿ ಕಲ್ಲು ತೆಗೆದು 2009ರಲ್ಲಿ ಉತ್ತರ ಕೊಟ್ಟರು. ಆ ವಸ್ತುಗಳು ಸುಳ್ಳಲ್ಲ, ಕಲ್ಲಿನಲ್ಲಿ ಇವೆ. ಆದರೆ ಕಲ್ಲಿನ ವಯಸ್ಸು ಸುಮಾರು 165 ಕೋಟಿ ವರ್ಷ, ಪ್ರಾಣಿಗಳು ಬರುವುದಕ್ಕೆ ನೂರು ಕೋಟಿ ವರ್ಷ ಮೊದಲು. ಉಂಗುರದ ಕೊಳವೆಗಳು ಪ್ರಾಣಿಗಳದ್ದಲ್ಲ. ಭ್ರೂಣ ಎನಿಸಿಕೊಂಡ ಗೋಲಗಳಂತೂ ಜೀವಿಯೇ ಅಲ್ಲ, ಗುಳ್ಳೆ! ಲೋಳೆ ಪಾಚಿಯ ಚಾಪೆಯಲ್ಲಿ ಸಿಕ್ಕಿಕೊಂಡ ಅನಿಲದ ಗುಳ್ಳೆಗಳ ಸುತ್ತ ಫಾಸ್ಫೇಟ್ ಕಟ್ಟಿತ್ತು. ದೋಸೆಯ ಹಿಟ್ಟಿನ ಮೇಲಿನ ಗುಳ್ಳೆ ಕಲ್ಲಾದರೆ ಹೇಗಿರುತ್ತದೋ ಹಾಗೆ. 165 ಕೋಟಿ ವರ್ಷ ಹಳೆಯ ಗುಳ್ಳೆ ಉಳಿದದ್ದು ನನಗಂತೂ ಭ್ರೂಣದಷ್ಟೇ ದೊಡ್ಡ ಸುದ್ದಿ.

ನಮ್ಮ ಕರ್ನಾಟಕದ ಕಲ್ಲಿನಲ್ಲಿ ಹುಡುಕಬಹುದಾ?

ರಾಜ್ಯದ ಬಹುಪಾಲು ಗ್ರಾನೈಟ್, ನೈಸ್ ಕಲ್ಲು. ಬೆಂಕಿ ಒತ್ತಡಗಳಲ್ಲಿ ಬೆಂದ ಅವುಗಳಲ್ಲಿ ಮೊಟ್ಟೆ ಹುಡುಕುವುದು ಕಬ್ಬಿಣದ ಕಡಲೆ. ಸಮುದ್ರದ ತಳವಾಗಿದ್ದ ಕಲ್ಲು ಬೇಕಾದರೆ ಕಲಬುರಗಿ ಕಡೆ ಹೋಗಿ. ಮನೆಗೆ ಹಾಸುವ ಶಹಾಬಾದ್ ಕಲ್ಲು ಅಂಥದ್ದೇ ಸುಣ್ಣಕಲ್ಲು. ಆದರೆ ಸುಣ್ಣಕಲ್ಲು ಮಾತ್ರ ಸಾಲದು, ಫಾಸ್ಫೇಟ್ ಬೇಕು, ವಯಸ್ಸೂ ಹೊಂದಬೇಕು.

ಏನು ಸಿಕ್ಕರೆ ವೆಂಗ್‌ಆನ್ ಜಗಳ ಮುಗಿಯುತ್ತೆ?

ಒಲಿವೂಯ್ಡಿಸ್‌ಗೆ ಸಿಕ್ಕಂಥ ಸರಣಿ. ಅದೇ ಕೆತ್ತನೆಯ ಪೊರೆ, ಒಳಗೆ ಎರಡು ಕೋಶ. ಅದೇ ಪೊರೆ, ಒಳಗೆ ಸಾವಿರ ಕೋಶ. ಅದೇ ಪೊರೆ, ಒಳಗೆ ಬಾಯಿಯೋ ಕರುಳೋ ಇರುವ ಮರಿ. ಮೊದಲೆರಡು ಸಿಕ್ಕಿವೆ. ಮೂರನೆಯದಕ್ಕಾಗಿ ಈಗಲೂ ಆಮ್ಲದ ಬಕೆಟ್ಟಿನ ತಳದ ಪುಡಿಯನ್ನು ಜರಡಿ ಹಿಡಿಯುತ್ತಲೇ ಇದ್ದಾರೆ.